ಬೀಜದ ಕಂಪನಿಗೆ ಕಲಿಯಲು ಹೋಗುವ ಮಕ್ಕಳು



ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಹಳ್ಳಿಗೆ ಬಂದು ತಂಗಿ, ಮನೆ ಮನೆಗೆ ಹೋಗಿ ಬೆಳೆಯ ಲೆಕ್ಕ ಕೇಳುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅವರ ಕಲಿಕೆಗೆ ಇನ್ನೊಂದು ಭಾಗವೂ ಉಂಟು. 2015ರಲ್ಲಿ ಆರಂಭವಾದ ‘ಸ್ಟೂಡೆಂಟ್ ರೆಡಿ’ ಕಾರ್ಯಕ್ರಮದ ಮೇರೆಗೆ ಅವರು ಕೆಲವು ವಾರ ಬೀಜ, ಗೊಬ್ಬರ, ಆಹಾರ ಸಂಸ್ಕರಣೆ ಮುಂತಾದ ಉದ್ದಿಮೆಗಳಲ್ಲಿಯೂ ಇದ್ದು ಕಲಿಯಬೇಕು. ಇಂಥದಕ್ಕೆ ಇಂಟರ್ನ್‌ಷಿಪ್ ಎನ್ನುತ್ತಾರೆ. ನಿಮ್ಮ ಮಗನೋ ಮಗಳೋ ಹೀಗೆ ಬೀಜದ ಕಂಪನಿಗೆ ಹೋಗುವುದಾದರೆ ಆ ವಾರಗಳು ವ್ಯರ್ಥವಾಗದಂತೆ ಏನು ಮಾಡಬೇಕೆಂಬುದನ್ನು ಇಲ್ಲಿ ಬರೆದಿದೆ. ಮನೆಯವರೂ ಮಕ್ಕಳೂ ಕೂಡಿ ಓದಿದರೆ ಒಳ್ಳೆಯದು.

ಬೀಜದ ಕಂಪನಿಯ ಮಾತೇ ಏಕೆಂದರೆ, ಅದು ನಮ್ಮ ಹೊಲಕ್ಕೆ ಸೇರಿದ ಮಾತು. ರಾಣೇಬೆನ್ನೂರಿನ ಸೀಮೆಯಲ್ಲಂತೂ ಕಂಪನಿಗಳಿಗಾಗಿ ಬೀಜ ಬೆಳೆದುಕೊಡುವುದು ಒಂದು ದೊಡ್ಡ ಕಸುಬೇ ಆಗಿದೆ. ಬೀಜ ಕಂಪನಿಯ ಬಾಗಿಲು ಸೇರಿದ ಮೇಲೆ ‘ಮೊಳಕೆ ಸಾಲದು’ ಎಂಬ ಮಾತು ಬಂದರೆ ಇಡೀ ಹಂಗಾಮಿನ ದುಡಿಮೆಗೆ ಪೆಟ್ಟು. ಯಾರು ಎಣಿಸಿದರು, ಹೇಗೆ ಎಣಿಸಿದರು, ಕಾಳು ಕೆಟ್ಟದ್ದು ಎಲ್ಲಿ ಎಂಬುದು ಬೆಳೆದವನಿಗೆ ತಿಳಿಯುವುದಿಲ್ಲ. ಅದನ್ನು ಒಳಗೆ ನಿಂತು ನೋಡುವ ಅವಕಾಶ ವಿದ್ಯಾರ್ಥಿಗೆ ದೊರೆಯುತ್ತದೆ. ಸರ್ಟಿಫಿಕೇಟು ಎಲ್ಲರಿಗೂ ಬರುತ್ತದೆ; ಈ ತಿಳಿವಳಿಕೆ ಕೇಳಿದವರಿಗೆ ಮಾತ್ರ.

ಮೊದಲ ದಿನಗಳಲ್ಲಿ ಕಂಪನಿಯವರಿಗೆ ಇವರಿಂದ ಏನು ಮಾಡಿಸಬೇಕೆಂದು ತೋಚದಿರುವುದುಂಟು. ಕುರ್ಚಿ ತೋರಿಸಿ, ಹಳೆಯ ಕಡತ ಕೊಟ್ಟು ಕೂರಿಸುತ್ತಾರೆ. ಆಗ ಮೊಬೈಲು ನೋಡುತ್ತ ಕಾಲ ಕಳೆಯತಕ್ಕದ್ದಲ್ಲ. ಮೇಲ್ವಿಚಾರಕರ ಬಳಿ ಹೋಗಿ, “ಸಾರ್, ಒಂದು ಲಾಟಿನ ಮೆಕ್ಕೆಜೋಳ ಗೇಟಿಗೆ ಬಂದಾಗಿನಿಂದ ಚೀಲಕ್ಕೆ ಹೊಲಿಗೆ ಬೀಳುವವರೆಗೆ ಅದರ ಹಿಂದೆಯೇ ಇರಲು ಅಪ್ಪಣೆ ಕೊಡಿ” ಎಂದು ಕೇಳಬೇಕು. ಹತ್ತು ವಿಭಾಗಗಳನ್ನು ಇಣುಕಿ ಬರುವುದಕ್ಕಿಂತ ಇದು ಮೇಲು.

ಗೇಟಿನಲ್ಲಿ ಮೊದಲು ತೇವ ನೋಡುತ್ತಾರೆ. ಸಾಮಾನ್ಯ ಚೀಲದಲ್ಲಿಡುವ ಮೆಕ್ಕೆಜೋಳದ ಬೀಜಕ್ಕೆ ಶೇಕಡ 12ಕ್ಕಿಂತ ಹೆಚ್ಚು ತೇವ ಇರಕೂಡದು. ಹಸಿ ಕಾಳನ್ನು ಬಹಳ ಬಿಸಿ ಗಾಳಿಯಲ್ಲಿ ಅವಸರದಿಂದ ಒಣಗಿಸಿದರೆ ಹೊರಗೆ ಚೆಂದ ಕಂಡರೂ ಒಳಗಿನ ಮೊಳಕೆ ಸತ್ತಿರುತ್ತದೆ. ಬಳಿಕ ಜರಡಿಯ ಯಂತ್ರ ಗಾತ್ರ ನೋಡಿ ಕಾಳನ್ನು ಬೇರ್ಪಡಿಸುತ್ತದೆ. ಅದರ ಮುಂದಿನ ಗ್ರ್ಯಾವಿಟಿ ಯಂತ್ರದ ಮುಂದೆ ಅರ್ಧ ದಿನ ನಿಂತರೂ ನಷ್ಟವಿಲ್ಲ. ಒಂದೇ ಗಾತ್ರದ ಕಾಳುಗಳಲ್ಲಿ ತೂಕದವು ಯಾವುವು, ಜೊಳ್ಳು ಯಾವುವು ಎಂದು ಅದು ಕಂಡುಹಿಡಿಯುತ್ತದೆ. ಇಳಿಜಾರಾದ ಹಲಗೆ ಅಲುಗಾಡುತ್ತಿರುತ್ತದೆ, ಕೆಳಗಿನಿಂದ ಗಾಳಿ ಬರುತ್ತದೆ. ಹಗುರ ಕಾಳು ತೇಲಿ ಇಳಿಯುತ್ತದೆ, ತೂಕದ ಕಾಳು ಹಲಗೆ ಹಿಡಿದು ಮೇಲೇರುತ್ತದೆ. ನಮ್ಮ ಹೆಣ್ಣುಮಕ್ಕಳು ಮೊರದಲ್ಲಿ ಕೇರುವುದೂ ಇದೇ ವಿದ್ಯೆಯೇ.

ಎಲ್ಲಕ್ಕೂ ಮುಖ್ಯವಾದುದು ಪ್ರಯೋಗಶಾಲೆ. ಲಾಟಿನ ಹಲವು ಚೀಲಗಳಿಂದ ಮಾದರಿ ತೆಗೆದು, 400 ಕಾಳುಗಳನ್ನು ಪಾಲು ಮಾಡಿ ಒದ್ದೆ ಕಾಗದದಲ್ಲಿಯೋ ಮರಳಿನಲ್ಲಿಯೋ ಇಡುತ್ತಾರೆ. ಮೆಕ್ಕೆಜೋಳವನ್ನು 4ನೆಯ ದಿನ ಒಮ್ಮೆ, 7ನೆಯ ದಿನ ಕೊನೆಯದಾಗಿ ಎಣಿಸುತ್ತಾರೆ. ಮೊಳೆತದ್ದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಬೇರು ಮುರಿದ, ಸೊಟ್ಟಗಾದ ಸಸಿಗಳನ್ನು ತೆಗೆದುಹಾಕುತ್ತಾರೆ. ರೈತನ ಎಣಿಕೆಗೂ ಕಂಪನಿಯ ಎಣಿಕೆಗೂ ವ್ಯತ್ಯಾಸ ಬರುವುದಕ್ಕೆ ಇದೂ ಒಂದು ಕಾರಣ. ಪ್ರಮಾಣಿತ ಹೈಬ್ರಿಡ್ ಮೆಕ್ಕೆಜೋಳಕ್ಕೆ ಕನಿಷ್ಠ ಶೇಕಡ 90 ಮೊಳಕೆ ಬೇಕು, ಭತ್ತಕ್ಕೆ 80. ವಿದ್ಯಾರ್ಥಿಯು ತಾನೇ ಕೈಯಾರೆ ಒಂದು ಮಾದರಿ ಇಟ್ಟು ಎಣಿಸಿ, ಅಲ್ಲಿನವರ ಎಣಿಕೆಯೊಡನೆ ಹೋಲಿಸಿ ನೋಡಬೇಕು. ತಪ್ಪಾದರೆ ಅವರೇ ತಿದ್ದುತ್ತಾರೆ.

ಪ್ರತಿ ಸಂಜೆ ಅಂದು ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ‘ಏಕೆ’ ಎಂಬುದು ತಿಳಿಯದಿದ್ದಲ್ಲಿ ಗೆರೆ ಎಳೆದು, ಮಾರನೆಯ ಬೆಳಿಗ್ಗೆ ಕೇಳಬೇಕು. ಇಂಜಿನಿಯರಿಗಿಂತ ಯಂತ್ರ ನಡೆಸುವ ಹಳಬರೇ ಎಷ್ಟೋ ಸಲ ಚೆನ್ನಾಗಿ ಹೇಳಿಕೊಡುತ್ತಾರೆ. ಆದರೆ ಹೈಬ್ರಿಡ್ಡಿನ ಗಂಡು ಹೆಣ್ಣು ತಳಿಗಳು ಯಾವುವೆಂಬುದು ಕಂಪನಿಯ ಗುಟ್ಟು. ಅದನ್ನು ಬರೆದು ತರುವುದು, ಕೇಳದೆ ಫೋಟೋ ತೆಗೆಯುವುದು ಸಲ್ಲದು.

ಯಂತ್ರದ ಬಳಿ ಸಡಿಲ ಬಟ್ಟೆ, ದುಪಟ್ಟಾ ಬೇಡ. ಬೀಜಕ್ಕೆ ಬಣ್ಣದ ಔಷಧ ಲೇಪಿಸುವ ಕಡೆ ಕೈಚೀಲ, ಮುಖಕವಚ ಕೊಡದೆ ಕೆಲಸ ಹೇಳಿದರೆ ಒಪ್ಪಬೇಕಾದುದಿಲ್ಲ. ಇಂಟರ್ನ್‌ಷಿಪ್ ಕೊಡಿಸುತ್ತೇವೆಂದು ಹಣ ಕೇಳುವ ದಲ್ಲಾಳಿಗಳಿಗೆ ಕಾಸು ಕೊಡಬೇಡಿ. ಕಾಲೇಜಿನ ಮೂಲಕ ಪತ್ರ ಪಡೆದೇ ಹೋಗಲಿ. ಮಗಳನ್ನು ಕಳಿಸಲು ಹಿಂಜರಿಯುವ ಮನೆಯವರು ಇದನ್ನು ತಿಳಿದಿರಬೇಕು: ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯ ರಕ್ಷಣೆ ತರಬೇತಿಗೆ ಬಂದವರಿಗೂ ಉಂಟು. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ದೂರು ಕೇಳುವ ಸಮಿತಿ ಇರಲೇಬೇಕು. ಆ ಸಮಿತಿಯಲ್ಲಿ ಯಾರಿದ್ದಾರೆಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಲಿ.

ಮನೆಯವರಿಗೂ ಒಂದು ಮಾತು. ಇರುವುದೇ ಕೆಲವು ವಾರ. ಜಾತ್ರೆಗೆ ಬಾ, ನೆಂಟರ ಮನೆಯ ಮದುವೆಗೆ ಬಾ ಎಂದು ನಡುವೆ ಕರೆಸಿದರೆ ಏಳನೆಯ ದಿನದ ಎಣಿಕೆ ತಪ್ಪಿಹೋಗುತ್ತದೆ. ಅದರ ಬದಲು ನಿಮ್ಮ ಹೊಲದ ಒಂದು ಪ್ರಶ್ನೆ ಕೊಟ್ಟು ಕಳಿಸಿ. ‘ಹೋದ ವರ್ಷ ನಮ್ಮ ಸೋಯಾ ಅವರೆ ಏಕೆ ಸರಿಯಾಗಿ ಹುಟ್ಟಲಿಲ್ಲ?’ ಎಂಬಂಥದು. ಸೋಯಾ ಕಾಳಿನ ಸಿಪ್ಪೆ ಬಹಳ ತೆಳುವು. ಒಕ್ಕುವ ಯಂತ್ರ ಜೋರಾಗಿ ತಿರುಗಿದರೂ, ಚೀಲವನ್ನು ಎತ್ತಿ ಕುಕ್ಕಿದರೂ ಮೊಳಕೆಗೆ ಪೆಟ್ಟು ಬೀಳುತ್ತದೆ.

ಮಕ್ಕಳು ಮರಳಿದ ಮೇಲೆ, ಮುಂಗಾರಿಗೆ ಮೊದಲು, ಮನೆಯ ಸೋಯಾ ಬೀಜವನ್ನು ಅವರಿಂದಲೇ ಪರೀಕ್ಷೆ ಮಾಡಿಸಿ. ಬೇರೆ ಬೇರೆ ಚೀಲಗಳಿಂದ ತೆಗೆದ ನೂರು ಕಾಳುಗಳನ್ನು ಆರಿಸದೆ ಎಣಿಸಿ, ಒದ್ದೆ ಗೋಣಿಯ ಮೇಲೆ ಸಾಲಾಗಿ ಇಟ್ಟು ಸುತ್ತಿ ನೆರಳಿನಲ್ಲಿಡಬೇಕು. ನೀರು ಚಿಮುಕಿಸುತ್ತಿದ್ದು 8ನೆಯ ದಿನ ಬಿಚ್ಚಿ ನೋಡಿ, ನೆಟ್ಟಗಿನ ಸಸಿಗಳನ್ನು ಮಾತ್ರ ಎಣಿಸಬೇಕು. 70 ಇದ್ದರೆ ವಾಡಿಕೆಯಂತೆ ಬಿತ್ತಬಹುದು. 60 ಇದ್ದರೆ ಎಕರೆಗೆ 30 ಕಿಲೋ ಹಾಕುವವರು 35 ಕಿಲೋ ಹಾಕಬೇಕು. ಅದಕ್ಕಿಂತ ತೀರ ಕಡಿಮೆ ಬಂದರೆ ಆ ಕಾಳನ್ನು ಬಿತ್ತದೆ, ಬೇರೆ ಬೀಜ ಹುಡುಕಲು ಇನ್ನೂ ಕಾಲವಿರುತ್ತದೆ.