ಉರಿಗೆದುರಾದ ಸಹಜಕವಚ

ಕಾದ ಲೋಹವು ಎಲೆಕ್ಟ್ರಾನುಗಳನ್ನು ಹೊಮ್ಮಿಸುತ್ತದೆ. ಈ ವಿದ್ಯಮಾನವನ್ನು ಕುರಿತ ಸಂಶೋಧನೆಗಾಗಿ ಓವನ್ ರಿಚರ್ಡ್‌ಸನ್ನರಿಗೆ 1928ನೆಯ ಸಾಲಿನ ನೊಬೆಲ್ ಪಾರಿತೋಷಕ ಸಂದಿತು. ದಹನದ ಉಷ್ಣವನ್ನು ಟರ್ಬೈನಿನ ನೆರವಿಲ್ಲದೆ ವಿದ್ಯುತ್ತಾಗಿಸುವ ಪರಿವರ್ತಕಕ್ಕೆ ಇದೇ ಆಧಾರ. ಕಾದ ಫಲಕದಿಂದ ಹೊರಟ ಎಲೆಕ್ಟ್ರಾನುಗಳು ಎದುರಿನ ತಣ್ಣನೆಯ ಫಲಕವನ್ನು ಸೇರಿ, ಹೊರಮಂಡಲದ ಮೂಲಕ ಮರಳುತ್ತವೆ.

ಕಾಯುವ ಫಲಕಕ್ಕೆ ಟಂಗ್‌ಸ್ಟನ್ ಯೋಗ್ಯವಾದ ಲೋಹ. ಅದರ ದ್ರವನಬಿಂದು ಸುಮಾರು 3,420 ಡಿಗ್ರಿ ಸೆಲ್ಸಿಯಸ್. ಆದರೆ ಜ್ವಾಲೆಯ ಅನಿಲಗಳ ನಡುವೆ ಅದು ಕರಗುವುದಕ್ಕೆ ಬಹು ಮುನ್ನವೇ ಉತ್ಕರ್ಷಣಗೊಂಡು ಸವೆದುಹೋಗುತ್ತದೆ. ಆದಕಾರಣ ಅದಕ್ಕೆ ಸಿಲಿಕಾನ್ ಕಾರ್ಬೈಡಿನ ಹೊದಿಕೆ ಬೇಕಾಗುತ್ತದೆ. ಉರಿ ತಾಗಿದಾಗ ಆ ಹೊದಿಕೆಯ ಮೇಲ್ಮೈಯೇ ತೆಳುವಾದ ಸಿಲಿಕಾ ಪದರವಾಗಿ ಮಾರ್ಪಟ್ಟು, ಆಮ್ಲಜನಕವನ್ನು ತಡೆಯುತ್ತದೆ. ಕರ್ಣನ ಕವಚದಂತೆ ಇದೂ ಮೈಯಲ್ಲೇ ಹುಟ್ಟಿದ್ದು. ಆದರೂ ಹೊದಿಕೆ ಮತ್ತು ಲೋಹಗಳು ಕಾದಾಗ ಸರಿಸಮನಾಗಿ ಹಿಗ್ಗದಿದ್ದರೆ ಕವಚ ಬಿರಿಯುತ್ತದೆ. ಬಿರುಕಿನಲ್ಲಿ ನುಸುಳಿದ ಅನಿಲ ಲೋಹವನ್ನು ತಿನ್ನುತ್ತದೆ. ರಕ್ಷಣೆಗೆ ಕಾಠಿಣ್ಯದಷ್ಟೇ ಹೊಂದಾಣಿಕೆಯೂ ಅಗತ್ಯವೆಂಬುದು ಇದರಿಂದ ವಿದಿತವಾಗುತ್ತದೆ.