ಹಾದಿ ಎಲ್ಲಿಂದ ಹೊರಡುತ್ತದೆಂದು ಬರೆದಿಡಿ

ಮಕ್ಕಳೇ, ಕೋಡ್ ಬರೆಯುವುದನ್ನು ಕಾಲೇಜಿನಲ್ಲಿ ಕಲಿತು ಬಂದಿದ್ದೀರಿ. ಆ ಕೋಡನ್ನು ಕಂಪೈಲ್ ಮಾಡಿ, ಪರೀಕ್ಷಿಸಿ, ಜಾರ್ ಕಟ್ಟುವ ಬಿಲ್ಡ್ ಫೈಲನ್ನು ಮಾತ್ರ ಹಿಂದಿನವರಿಂದ ಕಾಪಿ ಮಾಡಿಕೊಳ್ಳುತ್ತೀರಿ. ಒಮ್ಮೆ ಓಡಿದರೆ ಮತ್ತೆ ಅದನ್ನು ತೆರೆದು ನೋಡುವವರಿಲ್ಲ. ಆಮೇಲೆ ಪಕ್ಕದ ಸೀಟಿನವರ ಕಂಪ್ಯೂಟರಿನಲ್ಲಿ ಅದೇ ಬಿಲ್ಡ್ ಫೇಲ್ ಆದಾಗ ‘ನನ್ನ ಮಷಿನ್ನಲ್ಲಿ ಓಡ್ತಿದೆಯಲ್ಲ’ ಎಂಬ ಮಾತು ಬರುತ್ತದೆ. ಆ ಮಾತಿನ ಬೆನ್ನು ಹತ್ತಿ ಹೋದರೆ ಬಹಳ ಸಲ ಸಿಗುವುದು ಎರಡು: ಎಲ್ಲಿಂದ ಹೊರಟಿತೆಂದು ಹೇಳದ ಪಾಥ್, ಏನೇನು ಸೇರಿದೆಯೆಂದು ನೋಡದ ಫೈಲ್ ಪಟ್ಟಿ. ಇವೆರಡನ್ನೂ ನಿಮ್ಮ ಮಷಿನ್ನಿನ ಮರ್ಜಿಗೆ ಬಿಡಬೇಡಿ. ನನ್ನ ಕಿವಿಮಾತು ಇಷ್ಟೇ. ಜಾವಾ, ಆಂಡ್ರಾಯ್ಡ್ ಕೆಲಸದವರಿಗೆ ದಿನವೂ ಬೇಕಾಗುವ ಬಿಲ್ಡ್ ಸಲಕರಣೆ ಗ್ರೇಡಲ್ ಇಟ್ಟುಕೊಂಡು ಬಿಡಿಸಿ ಹೇಳುತ್ತೇನೆ.

ರಿಲೇಟಿವ್ ಪಾಥ್ ಎಂದರೆ ‘ಬಲಕ್ಕೆ ತಿರುಗಿದರೆ ಮೂರನೇ ಮನೆ’ ಎಂದು ದಾರಿ ಹೇಳಿದ ಹಾಗೆ. ಎಲ್ಲಿ ನಿಂತು ಬಲಕ್ಕೆ ಎಂಬುದು ತಿಳಿಯದಿದ್ದರೆ ಮನೆ ಸಿಗುವುದಿಲ್ಲ. ಜಾವಾದ ‘ನ್ಯೂ ಫೈಲ್’ ಬಳಸಿದಿರೋ, ಆ ಪ್ರೋಸೆಸ್ ನಿಂತ ಡೈರೆಕ್ಟರಿಯಿಂದ ಹಾದಿ ಹೊರಡುತ್ತದೆ. ಗ್ರೇಡಲ್ ಸಾಮಾನ್ಯವಾಗಿ ಓಡುವುದು ಹಿನ್ನೆಲೆಯಲ್ಲಿ ಉಳಿದಿರುವ ಡೀಮನ್ ಒಳಗೆ. ಅದು ಯಾವ ಡೈರೆಕ್ಟರಿಯಲ್ಲಿ ನಿಂತಿರುತ್ತದೆ ಎಂಬ ಖಾತ್ರಿಯನ್ನು ಗ್ರೇಡಲ್ ಕೊಡುವುದಿಲ್ಲ. ಗ್ರೇಡಲ್‌ನದೇ ಆದ ‘ಫೈಲ್’ ಮೆಥಡ್ ಹಾಗಲ್ಲ, ಅದು ಯಾವಾಗಲೂ ಪ್ರಾಜೆಕ್ಟ್ ಡೈರೆಕ್ಟರಿಯಿಂದಲೇ ಹೊರಡುತ್ತದೆ. ಟರ್ಮಿನಲ್‌ನಿಂದ ಓಡಿಸಿ, ಐಡಿಇಯಿಂದ ಓಡಿಸಿ, ಸಿಐ ಸರ್ವರಿನಿಂದ ಓಡಿಸಿ, ಬುಡ ಒಂದೇ. ಅದನ್ನೇ ಬಳಸಿ.

ಹಾಗೆಂದು ಅಬ್ಸಲ್ಯೂಟ್ ಪಾಥ್ ಬರೆದುಬಿಡಬೇಡಿ. ಅದರಲ್ಲಿರುವ ನಿಮ್ಮ ಯೂಸರ್ ನೇಮ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಕಣ್ಣಿಗೆ ಬೀಳದ ನಷ್ಟ ಇನ್ನೊಂದಿದೆ. ನೀವೇ ಬರೆದ ಟಾಸ್ಕಿಗೆ ಇನ್‌ಪುಟ್ ಫೈಲುಗಳನ್ನು ಕೊಟ್ಟು ಸುಮ್ಮನಾದರೆ ಗ್ರೇಡಲ್ ಅವುಗಳ ಅಬ್ಸಲ್ಯೂಟ್ ಪಾಥನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕೋಡಿನಲ್ಲಿ ಒಂದಕ್ಷರ ಬದಲಾಗದಿದ್ದರೂ, ಪ್ರಾಜೆಕ್ಟ್ ಬೇರೆ ಫೋಲ್ಡರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಬಿಲ್ಡ್ ಕ್ಯಾಶ್ ಕೈಕೊಡುತ್ತದೆ. ಒಬ್ಬರು ಮಾಡಿ ಮುಗಿಸಿದ್ದನ್ನೇ ಇಡೀ ತಂಡ ಮತ್ತೆ ಮಾಡುತ್ತದೆ. ಫೈಲ್ ಇರುವ ಜಾಗದ ಹಂಗಿಲ್ಲದ ಟಾಸ್ಕಾದರೆ, ಪಾಥ್ ಸೆನ್ಸಿಟಿವಿಟಿಯನ್ನು ರಿಲೇಟಿವ್ ಎಂದು ಹೇಳುವ ಒಂದು ಸಾಲು ಸೇರಿಸಿ.

ಪಾಥ್‌ಗಳನ್ನು ಕೈಯಾರೆ ಜೋಡಿಸಲೂ ಹೋಗಬೇಡಿ. ಕ್ಲಾಸ್‌ಪಾಥ್‌ನಲ್ಲಿ ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ವಿಂಡೋಸ್‌ಗೆ ಸೆಮಿಕೋಲನ್ ಬೇಕು, ಲಿನಕ್ಸ್‌ಗೆ ಕೋಲನ್. ‘ಆ್ಯಸ್ ಪಾಥ್’ ಎಂದು ಕೇಳಿದರೆ ಗ್ರೇಡಲ್ ಆಯಾ ಜಾಗಕ್ಕೆ ತಕ್ಕದ್ದನ್ನು ಹಾಕಿಕೊಡುತ್ತದೆ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ತಪ್ಪಿದರೆ ವಿಂಡೋಸ್, ಮ್ಯಾಕ್‌ಗಳು ಸಾಮಾನ್ಯವಾಗಿ ಸುಮ್ಮನಿರುತ್ತವೆ, ಲಿನಕ್ಸ್ ಸರ್ವರ್ ಸುಮ್ಮನಿರುವುದಿಲ್ಲ. ಹೆಸರು ಇದ್ದ ಹಾಗೆಯೇ ಬರೆಯಿರಿ.

ಇನ್ನು ಪಟ್ಟಿಯ ವಿಚಾರ. ಗ್ರೇಡಲ್‌ನಲ್ಲಿ ಫೈಲ್ ಟ್ರೀ ಮತ್ತು ಫೈಲ್ ಕಲೆಕ್ಷನ್ ಎಂದು ಎರಡಿವೆ. ಟ್ರೀಯನ್ನು ಕಾಪಿ ಮಾಡಿದರೆ ಒಳಗಿನ ಫೋಲ್ಡರುಗಳು ಹಾಗೆಯೇ ಉಳಿಯುತ್ತವೆ; ಬರಿಯ ಕಲೆಕ್ಷನ್ ಆದರೆ ಫೈಲುಗಳೆಲ್ಲ ಒಂದೇ ಫೋಲ್ಡರಿಗೆ ಬಂದು ಬೀಳುತ್ತವೆ, ಒಂದೇ ಹೆಸರಿನವು ಒಂದಕ್ಕೊಂದು ಅಡ್ಡ ಬರುತ್ತವೆ. ಎರಡೂ ಡಿಸ್ಕ್ ನೋಡುವುದು ನೀವು ಕೇಳಿದಾಗಲೇ. ಕಾನ್ಫಿಗರೇಶನ್ ಹಂತದಲ್ಲೇ ಅವಸರಪಟ್ಟು ಪಟ್ಟಿಯನ್ನು ಸುತ್ತಿ ಬಂದರೆ, ಇನ್ನೊಂದು ಟಾಸ್ಕ್ ಆಮೇಲೆ ಹುಟ್ಟಿಸುವ ಫೈಲುಗಳು ಅದರಲ್ಲಿರುವುದಿಲ್ಲ. ಆ ಟಾಸ್ಕಿನ ಔಟ್‌ಪುಟ್ಟನ್ನೇ ಪಟ್ಟಿಯಾಗಿ ಕೊಡಿ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನೂ ಗ್ರೇಡಲ್ ತಿಳಿದುಕೊಳ್ಳುತ್ತದೆ. ಎಲ್ಲವನ್ನೂ ಬಾಚಿಕೊಳ್ಳುವ ಎರಡು ಸ್ಟಾರ್ ಹಾಕುವಾಗ ಕೈ ಬಿಗಿಯಿರಲಿ. ಪ್ರಯೋಗಕ್ಕೆಂದು ಇಟ್ಟ ಫೈಲ್, ಪಾಸ್‌ವರ್ಡ್ ಇರುವ ಫೈಲ್ ಗ್ರಾಹಕರ ಜಾರ್ ಒಳಗೆ ಹೋಗುವುದು ಆ ದಾರಿಯಲ್ಲೇ. ಸಂಶಯವಿದ್ದರೆ ಪಟ್ಟಿಯನ್ನು ಪ್ರಿಂಟ್ ಮಾಡಿ, ಕಣ್ಣಾರೆ ನೋಡಿ.

ಕ್ರಮವನ್ನೂ ಮರೆಯಬೇಡಿ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮಾಡಿದ ಮೇಕ್, ಬಿಲ್ಡ್ ಸಲಕರಣೆಗಳಿಗೆಲ್ಲ ಹಿರಿಯಣ್ಣ. ಅದರ ಗ್ನೂ ಆವೃತ್ತಿಯ ವೈಲ್ಡ್‌ಕಾರ್ಡ್ ಮೊದಲೆಲ್ಲ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಕೊಡುತ್ತಿತ್ತು. 2010ರ 3.82ರಲ್ಲಿ ಆ ವಿಂಗಡಣೆ ನಿಂತಿತು, 2020ರ 4.3ರಲ್ಲಿ ಮರಳಿ ಬಂತು. ನಡುವಿನ ವರ್ಷಗಳಲ್ಲಿ ಡಿಸ್ಕ್ ಕೊಟ್ಟ ಕ್ರಮವೇ ಕ್ರಮ. ಲಿಂಕ್ ಆಗುವ ಕ್ರಮ ಬದಲಾದರೆ ಹೊರಬರುವ ಬೈನರಿಯೂ ಬದಲಾಗಬಹುದು. ‘ಸಾರ್ಟ್’ ಎಂದು ತಾವೇ ಬರೆದಿಟ್ಟಿದ್ದವರಿಗೆ ಆ ಕಾಟ ತಟ್ಟಲಿಲ್ಲ.

ಅಳಿಸುವ ಸಾಲಿನ ಮುಂದಂತೂ ಉಸಿರು ಹಿಡಿದು ನಿಲ್ಲಿ. ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಎನ್ವಿಡಿಯಾ ಗ್ರಾಫಿಕ್ಸ್ ಬಳಸಲು ನೆರವಾಗುವ ಬಂಬಲ್‌ಬೀ ಎಂಬ ತಂತ್ರಾಂಶದ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ, 2011ರಲ್ಲಿ, ಅಳಿಸಬೇಕಾದ ಪಾಥ್‌ನ ನಡುವೆ ಒಂದು ಸ್ಪೇಸ್ ನುಸುಳಿತ್ತು. ಒಂದು ಪಾಥ್ ಎರಡಾಯಿತು. ಒಳಗಿನ ಒಂದು ಡೈರೆಕ್ಟರಿಯ ಬದಲು ಇಡೀ ಯುಎಸ್‌ಆರ್ ಡೈರೆಕ್ಟರಿಯೇ ಅಳಿಯುವಂತಾಯಿತು. ಮೇಕ್ ಕೂಡ ಸ್ಪೇಸ್ ಕಂಡಲ್ಲಿ ಪಟ್ಟಿಯನ್ನು ತುಂಡರಿಸುತ್ತದೆ. ಆದ್ದರಿಂದ ಶೆಲ್ ಸ್ಕ್ರಿಪ್ಟಿನಲ್ಲಿ ಪಾಥ್‌ಗೆ ಕೋಟ್ ಹಾಕದೆ, ವೇರಿಯಬಲ್ ಖಾಲಿಯಿಲ್ಲವೆಂದು ನೋಡದೆ, ಅಳಿಸುವ ಆಜ್ಞೆ ಬರೆಯಬೇಡಿ. ಕಟ್ಟುವುದು ಕಷ್ಟ, ಕೆಡಹುವುದು ಸುಲಭ.

ಇವತ್ತೇ ಒಂದು ಕೆಲಸ ಮಾಡಿ. ಹೆಸರಿನ ನಡುವೆ ಸ್ಪೇಸ್ ಇರುವ ಹೊಸ ಫೋಲ್ಡರಿಗೆ ನಿಮ್ಮ ಪ್ರಾಜೆಕ್ಟನ್ನು ಕ್ಲೋನ್ ಮಾಡಿ, ಬೇರೊಂದು ಡೈರೆಕ್ಟರಿಯಲ್ಲಿ ನಿಂತು ಬಿಲ್ಡ್ ಓಡಿಸಿ. ಹಳೆಯ ಜಾಗದ ಜಾರ್, ಹೊಸ ಜಾಗದ ಜಾರ್ ಎರಡರ ಚೆಕ್‌ಸಮ್ ಹೋಲಿಸಿ. ಗ್ರೇಡಲ್ 9ರಿಂದ ಜಾರ್ ಒಳಗಿನ ಕ್ರಮ, ಸಮಯ ತಾನಾಗಿಯೇ ಸ್ಥಿರವಾಗಿರುತ್ತವೆ. ಅದಕ್ಕಿಂತ ಹಳೆಯದಾದರೆ ಆ ಎರಡು ಸೆಟ್ಟಿಂಗ್‌ಗಳನ್ನು ನೀವೇ ಹಾಕಬೇಕು. ಎಲ್ಲಾದರೂ ಮುರಿದರೆ ಬೇಸರಪಡಬೇಡಿ. ಬಿಡುಗಡೆಯ ಹಿಂದಿನ ರಾತ್ರಿ ನಿಮ್ಮ ನಂತರ ಸೇರಿದ ಹುಡುಗಿಯೋ ಹುಡುಗನೋ ಒಬ್ಬರೇ ಕೂತು ಹುಡುಕಬೇಕಿದ್ದ ತಪ್ಪು, ಪುರುಸೊತ್ತಿರುವಾಗಲೇ ನಿಮ್ಮ ಕೈಗೆ ಸಿಕ್ಕಿತು. ತಿದ್ದಿಬಿಡಿ.