ಡಿಸ್‌ಪ್ಲೇ ಕಪ್ಪಾಗಿತ್ತು, ಟೈಮ್ ಸರಿಯಾಗಿಯೇ ಇತ್ತು

ಸಬ್‌ಸ್ಟೇಷನ್ನಿನ ಟೈಮ್ ಸರ್ವರ್ ಮುಂಭಾಗದ ಎಲ್‌ಸಿಡಿ ಕಪ್ಪಾದದ್ದನ್ನು ಮೊದಲು ಕಂಡವರು ಬೆಳಗಿನ ಶಿಫ್ಟಿನ ಜೂನಿಯರ್ ಎಂಜಿನಿಯರ್ (ಜೆಇ). ಕೀಗಳನ್ನು ಒತ್ತಿದರೆ ಸದ್ದಿಲ್ಲ, ಲಾಕ್ ದೀಪವೂ ಇಲ್ಲ. ಕೆಲಸಕ್ಕೆ ಸೇರಿ ವರ್ಷ ತುಂಬದ ಹೆಣ್ಣುಮಗಳು. ಆದರೂ ಗಾಬರಿಯಾಗದೆ ಸ್ಕಾಡಾ ಕಂಪ್ಯೂಟರಿನ ಮುಂದೆ ಕೂತು, ಟೈಮ್ ಸರ್ವರಿನ ಸ್ಥಿತಿ ತೋರಿಸುವ ಎನ್‌ಟಿಪಿಕ್ಯೂ ಆಜ್ಞೆ ಕೊಟ್ಟರು. ಸರ್ವರ್ ಹೆಸರಿನ ಎಡಕ್ಕೆ ನಕ್ಷತ್ರದ ಗುರುತು, ಸ್ಟ್ರೇಟಂ 1, ರೀಚ್ ಕಾಲಮ್ಮಿನಲ್ಲಿ 377. ಅಂದರೆ ಕೊನೆಯ ಎಂಟು ಸಲ ಕೇಳಿದಾಗಲೂ ಸರ್ವರ್ ತಪ್ಪದೆ ಉತ್ತರ ಕೊಟ್ಟಿದೆ. "ಸರ್, ಡಿಸ್‌ಪ್ಲೇ ಮಾತ್ರ ಹೋಗಿದೆ, ಟೈಮ್ ಸರಿಯಾಗಿದೆ" ಎಂದು ರಿಲೇ ಟೆಸ್ಟಿಂಗ್ ನೋಡಿಕೊಳ್ಳುವ ನನಗೆ ಫೋನ್ ಮಾಡಿದರು.

ಅವರ ಮಾತು ನೂರಕ್ಕೆ ನೂರು ಸರಿ. ಮುಂಭಾಗದ ಎಲ್‌ಸಿಡಿ, ಕೀಗಳು, ದೀಪಗಳು ಪ್ರತ್ಯೇಕವಾದ ಒಂದು ಚಿಕ್ಕ ಬೋರ್ಡಿನ ಮೇಲಿರುತ್ತವೆ. ಅದನ್ನು ಮುಖ್ಯ ಬೋರ್ಡಿಗೆ ಸೇರಿಸುವುದು ಒಂದು ರಿಬ್ಬನ್ ಕೇಬಲ್. ಜಿಪಿಎಸ್ ರಿಸೀವರ್, ಬಿಸಿಯಲ್ಲಿಟ್ಟ ಕ್ರಿಸ್ಟಲ್, ರಿಲೇಗಳಿಗೆ ಟೈಮ್ ಕೊಡುವ ಐಆರ್‌ಐಜಿ-ಬಿ ಔಟ್‌ಪುಟ್ ಇವ್ಯಾವುದಕ್ಕೂ ಆ ಬೋರ್ಡಿನ ಹಂಗಿಲ್ಲ. ಯಾವುದನ್ನೂ ಮುಟ್ಟಬೇಡಿ, ಮಧ್ಯಾಹ್ನ ಬರುತ್ತೇನೆ ಎಂದೆ.

ಅಷ್ಟರಲ್ಲಿ ಮೇಲಿನ ಸಾಹೇಬರು ತಪಾಸಣೆಗೆ ಬಂದರು.

"ಏನಮ್ಮಾ, ಇದು ಸತ್ತು ಬಿದ್ದಿದೆ, ಆಫ್ ಮಾಡಿ ಆನ್ ಮಾಡೋಕೂ ಬರಲ್ವಾ?" ಎಂದರಂತೆ. ಜೆಇ ಕಂಪ್ಯೂಟರಿನತ್ತ ಕೈ ತೋರಿಸಿ ವಿವರಿಸಲು ಹೋದರು. ಸಾಹೇಬರು ಅತ್ತ ತಿರುಗಿಯೂ ನೋಡದೆ ರ‍್ಯಾಕಿನ ಹಿಂದೆ ಹೋಗಿ ಸ್ವಿಚ್ ತೆಗೆದು ಹಾಕಿದರು.

ನಾನು ತಲುಪುವಾಗ ಕಂಟ್ರೋಲ್ ರೂಮಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಎಲ್‌ಸಿಡಿ ಇನ್ನೂ ಕಪ್ಪು. ಒಳಗಿನ ಬ್ಯಾಕಪ್ ಬ್ಯಾಟರಿ ಸತ್ತಿದ್ದರಿಂದ ರಿಸೀವರ್ ಉಪಗ್ರಹಗಳ ಲೆಕ್ಕವನ್ನೆಲ್ಲ ಮರೆತಿತ್ತು. ಜಿಪಿಎಸ್ ಉಪಗ್ರಹ ತನ್ನ ಸಂದೇಶವನ್ನು ಪೂರ್ತಿ ಕಳಿಸಿ ಮುಗಿಸಲಿಕ್ಕೇ 12.5 ನಿಮಿಷ ಬೇಕು. ನಡುವೆ ಸಿಗ್ನಲ್ ತಪ್ಪಿದರೆ ಇನ್ನೂ ತಡ. ಎಷ್ಟು ಉಪಗ್ರಹ ಸಿಕ್ಕಿವೆ ಎಂದು ನೋಡೋಣವೆಂದರೆ ನೋಡುವ ಪರದೆಯೇ ಇಲ್ಲ. ಆ ಹೊತ್ತಿಗೇ ಒಂದು ಫೀಡರ್ ಟ್ರಿಪ್ ಆಯಿತು. ಸರ್ವರಿನಿಂದ ಟೈಮ್ ಬಾರದೆ ರಿಲೇಗಳು ತಂತಮ್ಮ ಗಡಿಯಾರ ನಂಬಿ ಓಡುತ್ತಿದ್ದವು. ಅಂಥ ಗಡಿಯಾರ ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ಸಾಕು, ಕಾಲು ಗಂಟೆಯಲ್ಲಿ 18 ಮಿಲಿಸೆಕೆಂಡ್ ಸರಿದುಬಿಡುತ್ತದೆ. ಈವೆಂಟ್ ಪಟ್ಟಿ ತೆಗೆದು ನೋಡಿದರೆ ಬ್ರೇಕರ್ ತೆರೆದದ್ದು ಮೇಲಿನ ಸಾಲಿನಲ್ಲಿತ್ತು, ತೆರೆ ಎಂದು ರಿಲೇ ಆಜ್ಞೆ ಕೊಟ್ಟದ್ದು ಅದರ ಕೆಳಗೆ! ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳಲಾಗದ ಪಟ್ಟಿಯಿಂದ ತನಿಖೆಗೆ ಏನೂ ಪ್ರಯೋಜನವಿಲ್ಲ.

ಇದೇನು ಸಣ್ಣ ವಿಷಯವಲ್ಲ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದಾಗ, ಅನೇಕ ರೆಕಾರ್ಡರುಗಳ ಗಡಿಯಾರ ಒಂದಕ್ಕೊಂದು ತಾಳೆಯಾಗದೆ ತನಿಖೆದಾರರು ಘಟನೆಗಳ ಸರಣಿ ಜೋಡಿಸಲು ಬಹಳ ಹೆಣಗಬೇಕಾಯಿತು.

ನಮ್ಮಲ್ಲಿ ಸಮಜಾಯಿಷಿ ಕೇಳಿ ನೋಟಿಸ್ ಬಂದದ್ದು ಜೆಇಗೆ. ಸ್ವಿಚ್ ಮುಟ್ಟಿದವರಿಗಲ್ಲ. ನನಗೆ ಇವತ್ತಿಗೂ ಆರದ ಸಿಟ್ಟು ಅದೇ.

ಮುಂದೆ ಒಂದು ದಿನ ಅನುಮತಿ ಪಡೆದು, ಬದಲಿ ಸರ್ವರ್ ಜೋಡಿಸಿ, ಈ ಪೆಟ್ಟಿಗೆಯನ್ನು ಬಿಚ್ಚಿದೆವು. ಮಲ್ಟಿಮೀಟರ್ ಹಿಡಿದದ್ದು ಜೆಇ. ಮುಖ್ಯ ಬೋರ್ಡಿನ ಕನೆಕ್ಟರಿನಲ್ಲಿ 5 ವೋಲ್ಟ್ ಇತ್ತು, ಡಿಸ್‌ಪ್ಲೇ ಕಡೆಯ ತುದಿಯಲ್ಲಿ ಸೊನ್ನೆ. ರಿಬ್ಬನ್ ಕೇಬಲ್ ಒಂದು ಪಕ್ಕಕ್ಕೆ ಎದ್ದು ನಿಂತಿತ್ತು, ಪಿನ್ನುಗಳ ಮೇಲೆ ಫ್ಯಾನ್ ಎಳೆದು ತಂದ ಧೂಳು. ಕೇಬಲ್ ಒತ್ತಿ ಕೂರಿಸಿ ಪವರ್ ಕೊಟ್ಟಾಗ ಪರದೆ ಬೆಳಗಿತು, ಆದರೆ ಮೇಲಿನ ಸಾಲಿನ ತುಂಬ ಕಪ್ಪು ಚೌಕಗಳು. ಈ ಬಗೆಯ ಎಲ್‌ಸಿಡಿಯಲ್ಲಿ ಆ ಚೌಕಗಳು ಕಂಡರೆ ವಿದ್ಯುತ್ ತಲುಪಿದೆ, ಆರಂಭದ ಆಜ್ಞೆ ತಲುಪಿಲ್ಲ ಎಂದರ್ಥ. ಎಲ್‌ಸಿಡಿಯೇ ಹಾಳಾಗಿದೆ ಎಂದು ಅನೇಕರು ತಪ್ಪಾಗಿ ಹೊಸದಕ್ಕೆ ಇಂಡೆಂಟ್ ಹಾಕುವುದು ಇಲ್ಲಿಯೇ. ಪವರ್ ತೆಗೆದು, ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ಮತ್ತೆ ಜೋಡಿಸಿದೆವು. ಅಕ್ಷರ ಮೂಡಿತು, ಕೀಗಳೂ ಕೆಲಸ ಮಾಡಿದವು. ಬ್ಯಾಕಪ್ ಬ್ಯಾಟರಿಯನ್ನೂ ಅಂದೇ ಬದಲಾಯಿಸಿದೆವು.

ಆದ್ದರಿಂದ ಕಂಟ್ರೋಲ್ ರೂಮಿನಲ್ಲಿ ದುಡಿಯುವ ಗೆಳೆಯರಲ್ಲಿ ಕೇಳಿಕೊಳ್ಳುವುದು ಇಷ್ಟು. ಡಿಸ್‌ಪ್ಲೇ ಹೋದರೆ ಮೊದಲು ನೆಟ್‌ವರ್ಕಿನಿಂದ ಟೈಮ್ ನೋಡಿ. ಅದು ಸರಿಯಿದ್ದರೆ ಪವರ್ ಮುಟ್ಟಬೇಡಿ, ಕೇಬಲ್ಲನ್ನು ಅನುಮತಿ ಸಿಕ್ಕ ದಿನ ನೋಡಿದರಾಯಿತು. ಬ್ಯಾಕಪ್ ಬ್ಯಾಟರಿಯ ವಯಸ್ಸನ್ನು ರಿಜಿಸ್ಟರಿನಲ್ಲಿ ಬರೆದಿಡಿ. ಆಫ್ ಮಾಡಿ ಎಂದು ಯಾರೇ ಹೇಳಿದರೂ, ಅವರು ಎಷ್ಟೇ ದೊಡ್ಡ ಹುದ್ದೆಯಲ್ಲಿರಲಿ, ಆ ಆದೇಶವನ್ನು ಲಾಗ್ ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿಸಿಕೊಂಡೇ ಸ್ವಿಚ್ಚಿಗೆ ಕೈ ಹಾಕಿ.